ಕೊನೆಗಾರರಿಗೆ ಕಡಜ ಹೊಡೆದರೆ: ಬಾವು ನೋಡಬೇಕೋ, ಉಸಿರು ನೋಡಬೇಕೋ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ. ಕಳೆದ ವಾರ ಕೊನೆ ತೆಗೆಯಲು ಮರ ಹತ್ತಿದ್ದ ಕೊನೆಗಾರರಿಗೆ ಏಳೆಂಟು ಕಡಜಗಳು ಒಟ್ಟಿಗೆ ಹೊಡೆದವು. ಅವರು ಗೂಡನ್ನು ಮುಟ್ಟಿರಲಿಲ್ಲ, ಗೂಡು ಇದ್ದದ್ದು ಪಕ್ಕದ ಮರದಲ್ಲಿ. ಸುಣ್ಣ ಹಚ್ಚಿ ಮನೆಗೆ ಕಳುಹಿಸಿದೆವು. ಮರುದಿನ ಕೈ ಮೊಣಕೈವರೆಗೂ ಊದಿಕೊಂಡಿತ್ತು, ಆಮೇಲೆ ಇಳಿಯಿತು. ಏನೂ ಮಾಡದವರ ಮೇಲೆ ಕಡಜ ಏರಿ ಬರುವುದೇಕೆ? ಒಮ್ಮೆ ಹೊಡೆಸಿಕೊಂಡವರಿಗೆ ಮುಂದೆ ವಿಷ ಹತ್ತುವುದಿಲ್ಲ ಎನ್ನುತ್ತಾರೆ, ನಿಜವೇ? ಗೂಡನ್ನು ಸುಟ್ಟುಬಿಡಬಹುದೇ?

ಉತ್ತರ: ಕೊನೆಗಾರರು ಏನೂ ಮಾಡಿಲ್ಲ ಎಂಬುದು ನಮ್ಮ ಲೆಕ್ಕ, ಕಡಜದ ಲೆಕ್ಕ ಬೇರೆ. ಗೂಡಿನ ತುಂಬ ಕೊಬ್ಬಿದ ಮರಿಹುಳುಗಳಿರುತ್ತವೆ, ಅವುಗಳಿಗಾಗಿ ಜೇನುಗಿಡುಗದಂಥ ಹಕ್ಕಿಗಳು ಗೂಡನ್ನೇ ಕಿತ್ತು ಹಾಕುತ್ತವೆ. ಆದ್ದರಿಂದ ಮರದ ಅಲುಗಾಟ, ಹತ್ತಿರದ ಬಿಸಿಯುಸಿರು, ಕಪ್ಪಾದ ವಸ್ತುವಿನ ಚುರುಕು ಚಲನೆ, ಇವೆಲ್ಲವೂ ಕಾವಲಿಗೆ ನಿಂತ ಕಡಜಕ್ಕೆ ದಾಳಿಯ ಸೂಚನೆಗಳೇ. ಸುಮಾರು ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಮರಗಳಲ್ಲಿ ಒಂದರ ತುದಿಯಿಂದ ಇನ್ನೊಂದಕ್ಕೆ ಬಾಗಿ ದಾಟುವ ಕೊನೆಗಾರರು ಗೂಡಿರುವ ಮರವನ್ನು ಮುಟ್ಟದಿದ್ದರೂ ಸೋಗೆಗೆ ಸೋಗೆ ತಾಗಿ ಆ ಮರವೂ ಅಲುಗುತ್ತದೆ. ಮೊದಲನೆಯದು ಚುಚ್ಚಿದೊಡನೆ ವಿಷದ ಜೊತೆಗೆ ಹೊರಬೀಳುವ ವಾಸನೆಯೇ ಉಳಿದವುಗಳಿಗೆ ಕರೆಯಾಗುವುದರಿಂದ, ಒಂದನ್ನು ಹೊಸಕಿ ಕೊಂದವರ ಮೇಲೆ ಹತ್ತು ಬರುವುದು ಸಹಜ. ಹಲಸಿನ ಹಣ್ಣಿನ ಮೇಲೋ ಮೀನು ಕೊಯ್ಯುವ ಜಾಗದಲ್ಲೋ ಒಂಟಿಯಾಗಿ ಸುಳಿದಾಡುವ ಕಡಜ ಸಾಮಾನ್ಯವಾಗಿ ಯಾರ ತಂಟೆಗೂ ಬರುವುದಿಲ್ಲ, ಏಕೆಂದರೆ ಅಲ್ಲಿ ಅದಕ್ಕೆ ಕಾಯಬೇಕಾದ ಗೂಡಿಲ್ಲ. ಜಗಲಿಯ ಗೋಡೆಗೆ ಮಣ್ಣಿನ ಗೂಡು ಮೆತ್ತುವ ಒಂಟಿ ಕಣಜಗಳನ್ನಂತೂ ದಯವಿಟ್ಟು ಅವುಗಳ ಪಾಡಿಗೆ ಬಿಡಿ.

ನಾವು ‘ಕಚ್ಚಿತು’ ಎನ್ನುತ್ತೇವೆ, ಆದರೆ ವಿಷ ಬರುವುದು ಬಾಯಿಂದಲ್ಲ, ಹಿಂತುದಿಯ ಕೊಂಡಿಯಿಂದ. ಮೊಟ್ಟೆಯಿಡುವ ಅಂಗವೇ ಮಾರ್ಪಟ್ಟು ಆ ಕೊಂಡಿಯಾಗಿರುವುದರಿಂದ ಚುಚ್ಚುವುದು ಹೆಣ್ಣು ಮಾತ್ರ. ಜೇನಿನ ಮುಳ್ಳಿಗೆ ಹಿಮ್ಮುಖ ಹಲ್ಲುಗಳಿರುವುದರಿಂದ ಅದು ಚರ್ಮದಲ್ಲೇ ಸಿಕ್ಕಿಕೊಳ್ಳುತ್ತದೆ. ಕಡಜದ ಕೊಂಡಿ ಬಹುಮಟ್ಟಿಗೆ ನುಣುಪಾಗಿದ್ದು, ಒಂದೇ ಕಡಜ ಹಲವು ಸಲ ಚುಚ್ಚಬಲ್ಲದು. ಗಾಯದಲ್ಲಿ ಮುಳ್ಳು ಉಳಿದಿದ್ದರೆ ಹೊಡೆದದ್ದು ಜೇನು ಎಂದು ತಿಳಿದು, ಹೇಗಾದರೂ ಸರಿ, ತಡಮಾಡದೆ ತೆಗೆಯಿರಿ.

ಸುಣ್ಣದ ಬಗ್ಗೆ ನಾನು ಸ್ಪಷ್ಟವಾಗಿಯೇ ಹೇಳಬೇಕು. ವಿಷ ಇಳಿದಿರುವುದು ಚರ್ಮದ ಒಳಗೆ, ಮೇಲೆ ಬಳಿದ ಸುಣ್ಣ ಅಲ್ಲಿಗೆ ಮುಟ್ಟುವುದಿಲ್ಲ. ಬದಲಿಗೆ ಚರ್ಮವನ್ನು ಸುಡುವುದುಂಟು. ಸೀಮೆಎಣ್ಣೆಯಿಂದಲೂ ಪ್ರಯೋಜನವಿಲ್ಲ. ಸೋಪು ಹಚ್ಚಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ತಣ್ಣೀರಿನ ಪಟ್ಟಿಯನ್ನೋ ಇಟ್ಟರೆ ಸಾಕು. ಕೈಗೆ ಹೊಡೆದಿದ್ದರೆ ಊದುವ ಮೊದಲೇ ಉಂಗುರ ಕಳಚಬೇಕು. ನಿಮ್ಮ ಕೊನೆಗಾರರಿಗೆ ಆದ ಬಾವು ನೋಡಲು ಭಯಂಕರವಾಗಿದ್ದರೂ, ಚುಚ್ಚಿದ ಕೈಯಲ್ಲೇ ಉಳಿದಿದ್ದರಿಂದ ಪ್ರಾಣಾಪಾಯದ್ದಲ್ಲ.

ಪ್ರಾಣಾಪಾಯದ ಲಕ್ಷಣಗಳು ಚುಚ್ಚಿದ ಜಾಗದಿಂದ ದೂರದಲ್ಲಿ, ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತೋರುತ್ತವೆ: ಮೈಯೆಲ್ಲ ದದ್ದು, ತುಟಿ ನಾಲಿಗೆಗಳ ಊತ, ಧ್ವನಿ ಒಡೆಯುವುದು, ಉಬ್ಬಸ, ವಾಂತಿ, ಕಣ್ಣು ಕತ್ತಲೆ ಬಂದು ಕುಸಿಯುವುದು. ಇದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರು. ಇದಕ್ಕಿರುವ ಮೊದಲ ಮದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಾಲಿನ್, ವಯಸ್ಕರಿಗೆ ಸಾಮಾನ್ಯವಾಗಿ ಅರ್ಧ ಮಿಲಿಗ್ರಾಂ. ಅಲರ್ಜಿ ಮಾತ್ರೆಯಾಗಲಿ ಸ್ಟಿರಾಯ್ಡ್ ಚುಚ್ಚುಮದ್ದಾಗಲಿ ಅದರ ಬದಲಿಯಲ್ಲ. ಮಾತ್ರೆ ನುಂಗಿಸಿ ಗುಣವಾಗುತ್ತದೋ ನೋಡೋಣ ಎಂದು ಮನೆಯಲ್ಲಿ ಕಾದ ಅರ್ಧ ಗಂಟೆಯನ್ನು ಆಮೇಲೆ ಯಾವ ಆಸ್ಪತ್ರೆಯೂ ಹಿಂತಿರುಗಿಸಲಾರದು. 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವುದು ತಡವೆನಿಸಿದರೆ ಸಿಕ್ಕ ವಾಹನದಲ್ಲೇ ಹೊರಡಿ. ರೋಗಿಯನ್ನು ಕಾಲು ಎತ್ತರಿಸಿ ಮಲಗಿಸಿ, ಎದ್ದು ನಡೆಯಲು ಬಿಡಬೇಡಿ. ಉಬ್ಬಸವಿದ್ದರೆ ಒರಗಿ ಕುಳಿತುಕೊಳ್ಳಲಿ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಡ್ರಿನಾಲಿನ್ ಪರಿಣಾಮ ಕುಗ್ಗಬಹುದಾದ್ದರಿಂದ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ.

ಹತ್ತಾರು ಕಡಜಗಳು ಹೊಡೆದಾಗ ಅಲರ್ಜಿಯೇ ಇಲ್ಲದವರಿಗೂ ಬೇರೊಂದು ಅಪಾಯವಿದೆ. ವಿಷದ ಪ್ರಮಾಣ ಹೆಚ್ಚಿದಾಗ ಸ್ನಾಯುಗಳೂ ಕೆಂಪು ರಕ್ತಕಣಗಳೂ ಒಡೆದು, ಆ ಕಸ ಮೂತ್ರಪಿಂಡದಲ್ಲಿ ಕಟ್ಟಿಕೊಳ್ಳುತ್ತದೆ. ಮೊದಲ ದಿನ ಚೆನ್ನಾಗಿಯೇ ಇದ್ದವರಿಗೆ ಮರುದಿನ ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ ಹೋಗುವುದು, ಇಲ್ಲವೇ ಮೂತ್ರ ಕಡಿಮೆಯಾಗುವುದು ಇದರ ಗುರುತು. ಇಂಥವರನ್ನು ಆರಾಮವಾಗಿ ಕಂಡರೂ ದಾಖಲಿಸಿ ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು.

ಒಮ್ಮೆ ಹೊಡೆಸಿಕೊಂಡರೆ ಮುಂದೆ ವಿಷ ಹತ್ತದು ಎಂಬ ನಂಬಿಕೆಗೆ ಉತ್ತರ ಅನಾಫಿಲಾಕ್ಸಿಸ್ ಎಂಬ ಪದದ ಹುಟ್ಟಿನಲ್ಲೇ ಇದೆ. 1902ರಲ್ಲಿ ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ ಅವರು ಸಮುದ್ರದ ಆನಿಮೋನ್ ಎಂಬ ಜೀವಿಯ ವಿಷಕ್ಕೆ ನಾಯಿಗಳನ್ನು ಒಗ್ಗಿಸಲು ಹೊರಟರು. ಮೊದಲ ಸಲ ಬದುಕುಳಿದ ನಾಯಿ ಕೆಲವು ವಾರಗಳ ನಂತರ ಕೊಟ್ಟ ಅಲ್ಪ ಪ್ರಮಾಣಕ್ಕೇ ನಿಮಿಷಗಳಲ್ಲಿ ಸತ್ತಿತು. ರಕ್ಷಣೆಯನ್ನು ನಿರೀಕ್ಷಿಸಿದ್ದವರಿಗೆ ಅದರ ವಿರುದ್ಧವೇ ಕಂಡದ್ದರಿಂದ ಈ ಹೆಸರಿಟ್ಟರು. ರಿಶೆ ಅವರಿಗೆ 1913ರ ನೊಬೆಲ್ ಪ್ರಶಸ್ತಿಯೂ ಬಂತು. ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವ ಕೆಲವು ಜೇನು ಸಾಕಣೆದಾರರ ದೇಹ ಒಗ್ಗಿಕೊಳ್ಳುವುದು ನಿಜವಾದರೂ, ಯಾರ ದೇಹ ಒಗ್ಗೀತು ಎಂದು ಮೊದಲೇ ಹೇಳಲಾಗದು. ಬಾವು ಮಾತ್ರ ಬಂದವರಲ್ಲಿ ಮುಂದಿನ ಸಲ ಮೈಯೆಲ್ಲ ಅಲರ್ಜಿಯಾಗುವ ಸಾಧ್ಯತೆ ಕಡಿಮೆ, ಸಾಮಾನ್ಯವಾಗಿ ನೂರರಲ್ಲಿ ಐದರಿಂದ ಹತ್ತು ಮಂದಿಗೆ. ಒಮ್ಮೆ ಮೈಯೆಲ್ಲ ಅಲರ್ಜಿಯಾದವರಲ್ಲಿ ಅದು ಬಹಳ ಹೆಚ್ಚು.

ಗೂಡನ್ನು ಸುಡಬೇಡಿ. ಒಣಗಿದ ಸೋಗೆಗೆ ಬೆಂಕಿ ಹತ್ತಿದರೆ ತೋಟವೇ ಹೋದೀತು. ರಾತ್ರಿಯಲ್ಲಿ ಕಡಜಗಳೆಲ್ಲ ಗೂಡಿನಲ್ಲೇ ಇದ್ದು, ಟಾರ್ಚ್ ಬೆಳಕಿನ ಜಾಡು ಹಿಡಿದು ಬರುವುದುಂಟು. ಮೇಲಾಗಿ ಕಡಜಗಳು ತಮ್ಮ ಮರಿಗಳಿಗಾಗಿ ಕಂಬಳಿಹುಳುಗಳನ್ನೂ ಇತರ ಕೀಟಗಳನ್ನೂ ಹಿಡಿದೊಯ್ಯುತ್ತವೆ. ದಾರಿಯ ಮೇಲೋ ಮನೆಯ ಮಾಡಿನಲ್ಲೋ ಗೂಡಿದ್ದರೆ ಮಾತ್ರ ಪಳಗಿದವರಿಂದ ತೆಗೆಸಿ. ಕೊನೆ ತೆಗೆಯುವ ಮುನ್ನ ತೋಟವನ್ನೊಮ್ಮೆ ಸುತ್ತಿ, ಗೂಡಿರುವ ಮರಕ್ಕೂ ಅದರ ಅಕ್ಕಪಕ್ಕದ ಮರಗಳಿಗೂ ಬಟ್ಟೆ ಕಟ್ಟಿ ಗುರುತು ಮಾಡಿ, ಅವನ್ನು ಬಿಟ್ಟುಬಿಡಿ. ಐವತ್ತು ಅಡಿ ಎತ್ತರದಲ್ಲಿ ಹೊಡೆಸಿಕೊಂಡವರಿಗೆ ವಿಷಕ್ಕಿಂತ ಕೈ ಜಾರುವುದೇ ದೊಡ್ಡ ಗಂಡಾಂತರ. ಒಂದೆರಡು ಹೊಡೆದರೂ ಕೈ ಬೀಸದೆ ಇಳಿದು, ನೆಲ ಮುಟ್ಟಿದ ಮೇಲೆ ಮುಖ ಮುಚ್ಚಿಕೊಂಡು ದೂರ ಓಡಬೇಕೆಂದು ಅವರಿಗೆ ಮೊದಲೇ ಹೇಳಿಡಿ.

ಇನ್ನೊಂದು ಕೆಲಸ ಬಾಕಿಯಿದೆ. ಹೊಡೆದ ದಿನ ತಲೆಸುತ್ತು, ಗಂಟಲು ಬಿಗಿತ, ಮೈಯೆಲ್ಲ ತುರಿಕೆ ಇವುಗಳಲ್ಲಿ ಯಾವುದಾದರೂ ಆಗಿತ್ತೇ ಎಂದು ನಿಮ್ಮ ಕೊನೆಗಾರರನ್ನು ಕೇಳಿ. ಕೂಲಿ ತಪ್ಪೀತೆಂದು ಅವರು ಹೇಳದೆ ಉಳಿದಿರಬಹುದು. ಆಗಿತ್ತೆಂದರೆ ಮುಂದಿನ ಕೊಯ್ಲಿಗೆ ಅವರು ಮರ ಹತ್ತುವ ಮೊದಲು ನೀವೇ ವೈದ್ಯರ ಬಳಿ ಕರೆದೊಯ್ಯಿರಿ.