ಅತ್ತೆಯ ಸೀರೆ ನಾದುವ ಬೆಕ್ಕು, ದೇವರ ಕೋಣೆಗೆ ಇಲಿ ತರುವ ಬೆಕ್ಕು

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಕ್ಕಿನವು. ನಾಯಿ ಸಾಕಿದವರು ಸಾಮಾನ್ಯವಾಗಿ ಕಾಯಿಲೆ ಹೇಳಿ ಔಷಧ ಕೇಳುತ್ತಾರೆ. ಬೆಕ್ಕಿನ ಮನೆಯವರದು ಒಂದೇ ಪ್ರಶ್ನೆ: ‘ಇದು ಹೀಗೇಕೆ ಮಾಡುತ್ತದೆ?’ ಬುಟ್ಟಿಯಲ್ಲಿ ಬೆಕ್ಕನ್ನು ಇಟ್ಟುಕೊಂಡು ಚಿಕಿತ್ಸಾಲಯಕ್ಕೆ ಬರುವವರನ್ನು ನಾನು ಮೊದಲು ಕೇಳುವುದು ‘ಎಷ್ಟು ದಿನದಿಂದ ಹೀಗೆ?’ ಎಂದು. ಮರಿಯಾಗಿದ್ದಾಗಿನಿಂದ ಬಂದ ಅಭ್ಯಾಸವಾದರೆ, ನೋಡಲು ಎಷ್ಟೇ ವಿಚಿತ್ರವಾಗಿದ್ದರೂ ನನಗೆ ಅಷ್ಟು ಚಿಂತೆಯಿಲ್ಲ. ಕಳೆದ ವಾರ ಶುರುವಾದದ್ದಾದರೆ, ಅದು ಎಷ್ಟೇ ಸಣ್ಣದಿರಲಿ, ಬೆಕ್ಕನ್ನು ಮೇಜಿನ ಮೇಲೆ ಕೂರಿಸಿ ಮೈಯೆಲ್ಲ ಮುಟ್ಟಿ ನೋಡುತ್ತೇನೆ. ಕೆಳಗಿನ ಉತ್ತರಗಳನ್ನು ಓದುವಾಗ ನೀವೂ ನಿಮ್ಮ ಬೆಕ್ಕಿನ ಬಗ್ಗೆ ಅದೇ ಪ್ರಶ್ನೆ ಕೇಳಿಕೊಳ್ಳಿ.

ಸಂಜೆ ನಮ್ಮ ಅತ್ತೆ ಟಿ.ವಿ. ಮುಂದೆ ಕುಳಿತರೆ ಸಾಕು, ಬೆಕ್ಕು ತೊಡೆ ಹತ್ತಿ ಮುಂಗಾಲುಗಳಿಂದ ಸೀರೆಯನ್ನು ಚಪಾತಿ ಹಿಟ್ಟಿನಂತೆ ನಾದುತ್ತದೆ. ಗುರುಗುಟ್ಟುತ್ತಾ ಜೊಲ್ಲು ಸುರಿಸುತ್ತದೆ. ಉಗುರು ಸಿಕ್ಕಿ ಎರಡು ಸೀರೆ ಹಾಳಾದವು. ಇದು ಕೆಟ್ಟ ಚಾಳಿಯೇ?
– ಓದುಗರು, ದಾವಣಗೆರೆ

ಖಂಡಿತ ಅಲ್ಲ. ಹಾಲು ಕುಡಿಯುವ ಮರಿ ತಾಯಿಯ ಮೊಲೆಯ ಎರಡೂ ಬದಿಯನ್ನು ಪಾದಗಳಿಂದ ಒಂದಾದ ಮೇಲೊಂದರಂತೆ ಒತ್ತುತ್ತದೆ. ಹಾಗೆ ಒತ್ತಿದಾಗ ಹಾಲು ಇಳಿಯುತ್ತದೆ. ಬೆಚ್ಚಗಿನ ಮೆತ್ತನೆಯ ಜಾಗ ಸಿಕ್ಕಾಗ ದೊಡ್ಡ ಬೆಕ್ಕಿಗೂ ಆ ನೆನಪು ಮರುಕಳಿಸುತ್ತದೆ, ಹಾಲಿನ ನಿರೀಕ್ಷೆಯಲ್ಲೇ ಬಾಯಲ್ಲಿ ನೀರೂರುತ್ತದೆ. ನಿಮ್ಮ ಅತ್ತೆಯ ತೊಡೆಯ ಮೇಲೆ ಅದಕ್ಕೆ ಪೂರ್ತಿ ನಿರ್ಭಯ ಎಂದು ತಿಳಿಯಿರಿ. ಬೈದು ಕೆಳಗೆ ತಳ್ಳಬೇಡಿ. ಎರಡು ಮಡಿಕೆ ಮಾಡಿದ ಹಳೆಯ ಕಂಬಳಿಯನ್ನು ತೊಡೆಯ ಮೇಲೆ ಹಾಸಿಕೊಳ್ಳಲು ಹೇಳಿ. ಎರಡು ಮೂರು ವಾರಕ್ಕೊಮ್ಮೆ ಉಗುರಿನ ಚೂಪು ತುದಿಯನ್ನಷ್ಟೇ ಕತ್ತರಿಸಿ. ಒಳಗೆ ಕಾಣುವ ಗುಲಾಬಿ ಭಾಗಕ್ಕೆ ತಾಗಬಾರದು.

ಒಂದು ಎಚ್ಚರಿಕೆ ಮಾತ್ರ ಇದೆ. ನಾದುತ್ತಾ ಬಟ್ಟೆಯನ್ನು ಚೀಪುವ ಬೆಕ್ಕುಗಳು ಕೆಲವೊಮ್ಮೆ ದಾರವನ್ನೂ ನುಂಗಿಬಿಡುತ್ತವೆ. ನಮ್ಮ ಮನೆಗಳಲ್ಲಿ ಹೂ ಕಟ್ಟುವ ದಾರ ನೆಲದ ಮೇಲೆಯೇ ಬಿದ್ದಿರುತ್ತದೆ. ಅದರ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ ಕರುಳು ಸುರುಕಿನ ಚೀಲದಂತೆ ಮುದುಡಿಕೊಂಡು ಹರಿಯುತ್ತದೆ. ಬಾಯಲ್ಲೋ ಗುದದಲ್ಲೋ ದಾರ ಕಂಡರೆ ಎಳೆಯಬೇಡಿ, ಹಾಗೆಯೇ ವೈದ್ಯರ ಬಳಿ ತನ್ನಿ. ಹೂ ಕಟ್ಟಿದ ಮೇಲೆ ಉಳಿದ ದಾರವನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ.

ನಮ್ಮದು ಸಸ್ಯಾಹಾರಿ ಮನೆ. ಬೆಕ್ಕಿಗೆ ಮೂರು ಹೊತ್ತೂ ಹಾಲು ಅನ್ನ, ಮೊಸರನ್ನ ಹಾಕುತ್ತೇವೆ. ಹೊಟ್ಟೆ ತುಂಬಿದ್ದರೂ ಇಲಿ, ಹಲ್ಲಿ ಹಿಡಿದು ತಂದು ದೇವರ ಕೋಣೆಯ ಹೊಸಿಲ ಮೇಲೆ ಇಡುತ್ತದೆ. ಬಿಡಿಸುವುದು ಹೇಗೆ?
– ಓದುಗರು, ತೀರ್ಥಹಳ್ಳಿ

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಬೆಕ್ಕು ಇಲ್ಲಿ ತಪ್ಪು ಮಾಡುತ್ತಿಲ್ಲ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಧಾನ್ಯ ಕೂಡಿಡಲು ಕಲಿತ. ಧಾನ್ಯಕ್ಕೆ ಇಲಿ ಬಂತು, ಇಲಿಯ ಬೆನ್ನಿಗೆ ಕಾಡುಬೆಕ್ಕು ಬಂತು. ನಿಮ್ಮ ಬೆಕ್ಕು ಅದರ ಸಂತತಿ. ಬೇಟೆಗೂ ಹಸಿವಿಗೂ ಅದರ ತಲೆಯಲ್ಲಿ ನೇರ ಸಂಬಂಧವಿಲ್ಲ: ಎದುರಿಗೆ ಏನಾದರೂ ಸರಕ್ಕೆಂದು ಹರಿದರೆ ಸಾಕು, ಹೊಟ್ಟೆ ತುಂಬಿದ್ದರೂ ಅದು ಹಾರುತ್ತದೆ. ಹಿಡಿದದ್ದನ್ನು ತನಗೆ ಅತ್ಯಂತ ಸುರಕ್ಷಿತವೆನಿಸುವ ಜಾಗಕ್ಕೆ ತರುತ್ತದೆ. ನಿಮ್ಮ ಮನೆಯಲ್ಲಿ ಗಲಾಟೆಯಿಲ್ಲದ, ತಣ್ಣಗಿನ ಜಾಗ ದೇವರ ಕೋಣೆಯ ಹೊಸಿಲಾಗಿರಬೇಕು. ಯಜಮಾನರಿಗೆ ಉಡುಗೊರೆ ಎಂದು ಹೇಳುವವರಿದ್ದಾರೆ. ನನಗೆ ಸುರಕ್ಷಿತ ಜಾಗದ ವಿವರಣೆಯೇ ಸರಿಯೆನಿಸುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಇಲಿಗಿಂತ ಮೊಸರನ್ನ. ಬೆಕ್ಕು ಶುದ್ಧ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ನಮ್ಮ ದೇಹ ತಯಾರಿಸಿಕೊಳ್ಳುತ್ತದೆ, ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಪಡೆಯಬೇಕು. ಅದು ತಿಂಗಳುಗಟ್ಟಲೆ ಸಿಗದಿದ್ದರೆ ಕಣ್ಣಿನ ಅಕ್ಷಿಪಟಲ ಸವೆದು ಕುರುಡಾಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಹಾಲಿನಲ್ಲಿರುವ ಟಾರಿನ್ ಏನೇನೂ ಸಾಲದು. ಮೇಲಾಗಿ ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ. ನಿಮ್ಮ ಬೆಕ್ಕು ಇಷ್ಟು ದಿನ ಆರೋಗ್ಯವಾಗಿರುವುದು ಬಹುಶಃ ಆ ಇಲಿಗಳ ಕೃಪೆಯಿಂದಲೇ. ಮನೆಯೊಳಗೆ ಮೀನು, ಮಾಂಸ ತರಲಾಗದವರು ಬೆಕ್ಕಿಗೆಂದೇ ತಯಾರಿಸಿದ ಒಣ ಆಹಾರವನ್ನು ಹಿತ್ತಿಲ ಜಗಲಿಯಲ್ಲಿ ಹಾಕಬಹುದು. ನಾಯಿಯ ಆಹಾರ ಇದಕ್ಕೆ ಬದಲಿಯಲ್ಲ.

ಬೇಟೆಯನ್ನು ಪೂರ್ತಿ ನಿಲ್ಲಿಸಲಾಗದು, ಕಡಿಮೆ ಮಾಡಬಹುದು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ 36ರಷ್ಟು ಇಳಿಯಿತು. ದಿನಕ್ಕೆ ಐದು ಹತ್ತು ನಿಮಿಷ ಆಟವಾಡಿಸಿದ್ದರಿಂದಲೂ ಶೇ 25ರಷ್ಟು ಇಳಿಯಿತು. ಕೋಲಿಗೆ ಗರಿ ಕಟ್ಟಿ ಆಡಿಸಿದರೂ ಸಾಕು. ಅಕ್ಕಪಕ್ಕದ ಮನೆಯವರು ಇಲಿಪಾಷಾಣ ಇಡುತ್ತಾರೆಯೇ ಎಂದು ಮಾತ್ರ ಇವತ್ತೇ ವಿಚಾರಿಸಿ. ಪಾಷಾಣ ತಿಂದ ಇಲಿಯನ್ನು ತಿಂದ ಬೆಕ್ಕಿಗೂ ವಿಷವೇರುತ್ತದೆ.

ಅಟ್ಟದ ಮೇಲಿನ ಬುಟ್ಟಿಯಲ್ಲಿ ಮರಿ ಹಾಕಿದ ಬೆಕ್ಕು ಮೂರನೇ ದಿನಕ್ಕೆ ಮರಿಗಳನ್ನು ಕಟ್ಟಿಗೆ ರಾಶಿಗೆ ಕಚ್ಚಿಕೊಂಡು ಹೋಯಿತು. ಈಗ ಪಕ್ಕದ ಮನೆಯ ಕೊಟ್ಟಿಗೆಯಲ್ಲಿದೆ. ಏಳು ಮನೆ ಸುತ್ತಿಸದಿದ್ದರೆ ಮರಿ ಕಣ್ಣು ಬಿಡುವುದಿಲ್ಲ ಎನ್ನುತ್ತಾರೆ ನಮ್ಮ ಅಜ್ಜಿ. ನಿಜವೇ?
– ಓದುಗರು, ಶಿರಸಿ

ಅಜ್ಜಿ ನೋಡಿದ್ದು ನಿಜ, ಲೆಕ್ಕ ಮಾತ್ರ ಬೇರೆ. ಬೆಕ್ಕಿನ ಮರಿಗಳು ಸಾಮಾನ್ಯವಾಗಿ 7ರಿಂದ 14 ದಿನಗಳೊಳಗೆ ಕಣ್ಣು ಬಿಡುತ್ತವೆ, ಒಂದೇ ಬುಟ್ಟಿಯಲ್ಲಿದ್ದರೂ ಬಿಡುತ್ತವೆ. ಆ ದಿನಗಳಲ್ಲೇ ತಾಯಿ ಒಂದೆರಡು ಸಲ ಜಾಗ ಬದಲಿಸುವುದರಿಂದ ಎರಡನ್ನೂ ಗಂಟು ಹಾಕಿ ನೋಡಿದ್ದಾರೆ.

ತಾಯಿಗೆ ಜಾಗ ಬದಲಿಸಲು ಕಾರಣಗಳು ಬೇಕಾದಷ್ಟಿವೆ. ಹೆತ್ತ ಜಾಗದಲ್ಲಿ ರಕ್ತ, ಹಾಲಿನ ವಾಸನೆ ಉಳಿಯುತ್ತದೆ. ಇರುವೆ ಬರುತ್ತದೆ, ಚಿಗಟ ಹೆಚ್ಚುತ್ತದೆ, ಹೆಂಚಿನ ಸಂದಿಯಿಂದ ನೀರು ತೊಟ್ಟಿಕ್ಕುತ್ತದೆ. ಮನೆಯ ಮಕ್ಕಳು ದಿನಕ್ಕೆ ಹತ್ತು ಸಲ ಏಣಿ ಹತ್ತಿ ಇಣುಕುತ್ತಾರೆ. ಎಲ್ಲಕ್ಕಿಂತ ದೊಡ್ಡ ಭಯ ಗಂಡು ಬೆಕ್ಕಿನದು. ತನ್ನದಲ್ಲದ ಮರಿಗಳನ್ನು ಅದು ಕೊಲ್ಲುವುದುಂಟು. ಈ ವಿಷಯದಲ್ಲಿ ಹಿರಿಯರು ಹೇಳುವುದು ಸರಿಯೇ ಇದೆ. ಕತ್ತಿನ ಹಿಂಭಾಗದ ಸಡಿಲ ಚರ್ಮವನ್ನು ತಾಯಿ ಕಚ್ಚಿದ ಕೂಡಲೇ ಮರಿ ಕೈಕಾಲು ಮಡಚಿ ಅಲುಗಾಡದೆ ಜೋತುಬೀಳುವುದನ್ನು ನೀವು ಗಮನಿಸಿರಬಹುದು. ಹಾಗೆ ಸುಮ್ಮನಾಗುವುದರಿಂದಲೇ ತಾಯಿ ಗೋಡೆ ಹಾರಲು ಸಾಧ್ಯ.

ನೀವು ಮಾಡಬೇಕಾದದ್ದು ಕಡಿಮೆ. ಹುಡುಕಿಕೊಂಡು ಹೋಗಿ ಮರಿಗಳನ್ನು ಹಿಂದಕ್ಕೆ ತರಬೇಡಿ. ಅದು ಮತ್ತೆ ಸಾಗಿಸುತ್ತದೆ, ದಾರಿಯಲ್ಲಿ ನಾಯಿ ಕಾದಿರುತ್ತದೆ. ಒಂದು ಮರಿ ಹಿಂದೆ ಉಳಿದಿದ್ದರೆ ಬಟ್ಟೆ ಸುತ್ತಿ ಬೆಚ್ಚಗಿಟ್ಟು ಕೆಲವು ಗಂಟೆ ದೂರದಿಂದ ಕಾಯಿರಿ. ತಾಯಿ ಬಾರದಿದ್ದರೆ ವೈದ್ಯರನ್ನು ಕೇಳಿ ಮರಿಗಳಿಗೆಂದೇ ಇರುವ ಹಾಲಿನ ಪುಡಿ ತನ್ನಿ. ಹಸುವಿನ ಹಾಲು ಕುಡಿಸಿ ಭೇದಿಯಾಗಿ ಸತ್ತ ಮರಿಗಳನ್ನು ನಾನು ಬಹಳ ನೋಡಿದ್ದೇನೆ. ಇನ್ನೊಂದು ಮಾತು: ಹಾಲೂಡಿಸುತ್ತಿರುವಾಗಲೇ ಬೆಕ್ಕು ಮತ್ತೆ ಗಬ್ಬವಾಗಬಲ್ಲದು, ಗರ್ಭದ ಅವಧಿ ಎರಡು ತಿಂಗಳು ಚಿಲ್ಲರೆ ಅಷ್ಟೇ. ಮರಿಗಳು ಹಾಲು ಬಿಟ್ಟ ಕೂಡಲೇ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ.

ಕಾಂಪೌಂಡಿನ ಕಳೆ ಕೀಳುವಾಗ ಒಂದು ಗಿಡದ ಬೇರಿಗೆ ನಮ್ಮ ಬೆಕ್ಕು ಹುಚ್ಚು ಹಿಡಿದಂತೆ ಮೈ ಉಜ್ಜಿ ಹೊರಳಾಡಿತು. ವಿಷವೇ?
– ಓದುಗರು, ಮಂಡ್ಯ

ನೀವು ಕಳುಹಿಸಿದ ಚಿತ್ರದಲ್ಲಿರುವುದು ಕುಪ್ಪಿಗಿಡ. ಅದರ ಬೇರಿನ ವಾಸನೆ ಅನೇಕ ಬೆಕ್ಕುಗಳಿಗೆ ಮತ್ತು ಬರಿಸುತ್ತದೆ. ವಿದೇಶಗಳಲ್ಲಿ ಬೆಕ್ಕಿನ ಆಟಿಕೆಗೆ ತುಂಬುವ ಕ್ಯಾಟ್‌ನಿಪ್ ಎಂಬ ಸೊಪ್ಪಿನಲ್ಲಿರುವಂಥದೇ ರಾಸಾಯನಿಕ ಇದರ ಬೇರಿನಲ್ಲೂ ಇದೆ. ಈ ಮತ್ತು ಹತ್ತು ಹದಿನೈದು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಹೀಗೆ ಉಜ್ಜಿಕೊಳ್ಳುವುದರಿಂದ ಲಾಭವೂ ಇರಬಹುದು: ಇದೇ ಬಗೆಯ ಮತ್ತೊಂದು ಸಸ್ಯವನ್ನು ಕುರಿತು ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಎಲೆಗೆ ಮುಖ ಉಜ್ಜಿಕೊಂಡ ಬೆಕ್ಕಿನ ಮೇಲೆ ಸೊಳ್ಳೆ ಕೂರುವುದು ಕಡಿಮೆ. ಮೂಸಿ ಹೊರಳಾಡಲಿ ಬಿಡಿ, ಬೇರನ್ನು ತಿನ್ನಲು ಮಾತ್ರ ಕೊಡಬೇಡಿ.

ಬೆಳಗಿನ ನಾಲ್ಕೂವರೆಗೆ ಮನೆಯ ಈ ತುದಿಯಿಂದ ಆ ತುದಿಗೆ ಓಡಿ, ಕೊನೆಗೆ ನನ್ನ ಎದೆಯ ಮೇಲೆ ಕುಳಿತು ಕೂಗುತ್ತದೆ.
– ಓದುಗರು, ಬೆಂಗಳೂರು

ಇಲಿಗಳು ಓಡಾಡುವ ಮುಂಜಾವು, ಮುಸ್ಸಂಜೆಗಳೇ ಬೆಕ್ಕಿಗೂ ಚುರುಕಿನ ಹೊತ್ತು. ಇಡೀ ದಿನ ಫ್ಲ್ಯಾಟಿನಲ್ಲಿ ಒಂಟಿಯಾಗಿ ಮಲಗಿದ್ದ ಪ್ರಾಣಿ ಆಗ ಓಡದೆ ಇನ್ನೇನು ಮಾಡೀತು? ರಾತ್ರಿ ನೀವು ಮಲಗುವ ಮುನ್ನ ಏದುಸಿರು ಬರುವಷ್ಟು ಆಡಿಸಿ, ಆಮೇಲೆ ಊಟ ಹಾಕಿ. ಕೂಗಿದಾಗ ಎದ್ದು ಬಟ್ಟಲು ತುಂಬಿಸಿದರೆ, ಕೂಗಿದರೆ ಊಟ ಸಿಗುತ್ತದೆ ಎಂದು ನೀವೇ ಕಲಿಸಿದ ಹಾಗೆ.

ಮಗನ ಮದುವೆಯಾಗಿ ಸೊಸೆ ಬಂದ ಮೇಲೆ ನಮ್ಮ ಗಂಡು ಬೆಕ್ಕು ಮರಳಿನ ತಟ್ಟೆ ಬಿಟ್ಟು ಬಚ್ಚಲಿನಲ್ಲಿ ಮೂತ್ರ ಮಾಡುತ್ತಿದೆ, ಒಮ್ಮೆ ಅವರ ಹಾಸಿಗೆಯ ಮೇಲೂ ಮಾಡಿತು. ನಿನ್ನೆಯಿಂದ ಬಚ್ಚಲಿಗೆ ಹತ್ತಾರು ಸಲ ಹೋಗಿ ಕೂರುತ್ತದೆ, ಎರಡು ಹನಿಯಷ್ಟೇ. ಸೊಸೆಯ ಮೇಲೆ ಸಿಟ್ಟೇ?
– ಓದುಗರು, ಮೈಸೂರು

ಈ ಪತ್ರ ನೋಡಿದ ಕೂಡಲೇ ಇವರಿಗೆ ದೂರವಾಣಿ ಮಾಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ಉಳಿದವರ ಸಲುವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಮೂತ್ರದಲ್ಲಿ ಹರಳುಗಟ್ಟಿದ ಕಣಗಳು ಲೋಳೆಯೊಂದಿಗೆ ಸೇರಿ ಅಲ್ಲಿ ಬಿರಡೆಯಂತೆ ಕೂತರೆ ಮೂತ್ರ ಹೊರಗೆ ಹೋಗುವುದಿಲ್ಲ. ಮೂತ್ರಕೋಶ ಕಲ್ಲಿನಂತೆ ಬಿಗಿಯುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಎರಡು ಮೂರು ದಿನದೊಳಗೆ ಹೃದಯ ನಿಂತುಹೋಗುತ್ತದೆ. ಪದೇಪದೇ ಕೂರುವುದು, ತಿಣುಕುವುದು, ಹಿಂಭಾಗವನ್ನು ನೆಕ್ಕುತ್ತಲೇ ಇರುವುದು, ಕೂರುವಾಗ ನೋವಿನಿಂದ ಕೂಗುವುದು, ಆಮೇಲೆ ವಾಂತಿ ಮಾಡಿ ಮೂಲೆ ಸೇರುವುದು ಇದರ ಲಕ್ಷಣಗಳು. ಅನೇಕರು ಮಲಬದ್ಧತೆ ಎಂದು ತಿಳಿದು ಹರಳೆಣ್ಣೆ ಕುಡಿಸಿ ಒಂದು ದಿನ ಕಳೆದುಬಿಡುತ್ತಾರೆ. ಆ ಒಂದು ದಿನದಲ್ಲಿ ಬೆಕ್ಕಿನ ಜೀವವೇ ಹೋಗಬಹುದು. ಹೊಟ್ಟೆ ಒತ್ತಿ ನೋಡಬೇಡಿ, ಮೂತ್ರಕೋಶ ಒಡೆಯಬಹುದು. ನೋವಿಗೆಂದು ಪ್ಯಾರಾಸಿಟಮಾಲ್ ಅಂತೂ ಕೊಡಲೇಬೇಡಿ: ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಮನುಷ್ಯರು ನುಂಗುವ ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು.

ಸೊಸೆಯ ವಿಷಯಕ್ಕೆ ಬರೋಣ. ಪಾಪ, ಆ ಹುಡುಗಿಯದೇನೂ ತಪ್ಪಿಲ್ಲ, ಬೆಕ್ಕಿಗೆ ಅವರ ಮೇಲೆ ಸಿಟ್ಟೂ ಇಲ್ಲ. ಮದುವೆ ಮನೆಯ ಗದ್ದಲ, ನೆಂಟರು, ಜಾಗ ಬದಲಾದ ಮಂಚ, ಮುಚ್ಚಿಕೊಂಡ ಕೋಣೆ, ಎಲ್ಲ ಸೇರಿ ಬೆಕ್ಕು ಕಂಗಾಲಾಗಿದೆ. ಬೆಕ್ಕುಗಳಲ್ಲಿ ಇಂಥ ಒತ್ತಡ ನೇರವಾಗಿ ಮೂತ್ರಕೋಶದ ಉರಿಯೂತವಾಗಿ ಕಾಣಿಸಿಕೊಳ್ಳುತ್ತದೆ. ಉರಿಯುವಾಗ ಮರಳಿನ ತಟ್ಟೆಯೇ ನೋವಿನ ಜಾಗವೆನಿಸಿ, ನುಣುಪಾದ ಬಚ್ಚಲನ್ನೋ ಮೆತ್ತನೆಯ ಹಾಸಿಗೆಯನ್ನೋ ಹುಡುಕುತ್ತದೆ. ಚಿಕಿತ್ಸೆಯ ನಂತರ ಮರಳಿನ ತಟ್ಟೆಯನ್ನು ಊಟದ ಬಟ್ಟಲಿನಿಂದ ದೂರ, ಜನ ಓಡಾಡದ ಕಡೆ ಇಡಿ. ಇನ್ನೊಂದು ತಟ್ಟೆಯನ್ನು ಬೇರೆ ಕೋಣೆಯಲ್ಲಿಡಿ, ಕೊಳೆಯಾದ ಮರಳನ್ನು ದಿನವೂ ತೆಗೆಯಿರಿ. ಮನೆಯಲ್ಲಿ ಎರಡು ಮೂರು ಕಡೆ ನೀರಿಡಿ. ಅಡಗಲು ಒಂದು ರಟ್ಟಿನ ಪೆಟ್ಟಿಗೆ ಕೊಡಿ. ದಿನದ ಒಂದು ಊಟವನ್ನು ಸೊಸೆಯ ಕೈಯಿಂದಲೇ ಹಾಕಿಸಿ, ಆದರೆ ಬೆಕ್ಕು ತಾನಾಗಿ ಹತ್ತಿರ ಬರುವವರೆಗೆ ಅವರು ಅದನ್ನು ಎತ್ತಿಕೊಳ್ಳುವುದು ಬೇಡ.

ಹದಿಮೂರು ವರ್ಷದ ನಮ್ಮ ಬೆಕ್ಕು ಈಗ ಅದರ ಪ್ರೀತಿಯ ಕಿಟಕಿಗೆ ಹಾರುವುದಿಲ್ಲ. ಬೆನ್ನಿನ ಕೂದಲು ಗಂಟುಗಟ್ಟಿದೆ. ರಾತ್ರಿ ಸುಮ್ಮನೆ ಕೂಗುತ್ತದೆ. ವಯಸ್ಸಾಯಿತು ಎಂದು ಬಿಡಬೇಕೇ?
– ಓದುಗರು, ಧಾರವಾಡ

ಬಿಡಬೇಡಿ. ಅಮೆರಿಕದ ಪಶುವೈದ್ಯರು 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌-ರೇ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ 90 ಬೆಕ್ಕುಗಳಿಗೆ ಕೀಲು ಸವೆತದ ಗುರುತುಗಳಿದ್ದವು. ನಾಯಿಯಂತೆ ಕುಂಟುವುದಿಲ್ಲವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಹಾರುವುದನ್ನು ಬಿಡುತ್ತದೆ, ಬೆನ್ನು ತಿರುಗಿಸಿ ನೆಕ್ಕಿಕೊಳ್ಳಲಾಗದೆ ಕೂದಲು ಗಂಟಾಗುತ್ತದೆ, ನೋವು ಕಾಣುವುದು ಅಷ್ಟರಲ್ಲೇ. ರಾತ್ರಿಯ ಕೂಗಿಗೆ ಥೈರಾಯ್ಡ್, ರಕ್ತದೊತ್ತಡ, ಕಿವುಡು ಕಾರಣವಾಗಿರಬಹುದು. ಚೆನ್ನಾಗಿ ತಿಂದರೂ ಸೊರಗುತ್ತಿದೆಯೇ, ನೀರು ಹೆಚ್ಚು ಕುಡಿಯುತ್ತಿದೆಯೇ ಎಂದು ಗಮನಿಸಿ, ರಕ್ತ ಪರೀಕ್ಷೆ ಮಾಡಿಸಿ. ಕೀಲುನೋವಿಗೆ ಬೆಕ್ಕಿಗೆ ಹೊಂದುವ ಔಷಧಗಳಿವೆ.

ಇವತ್ತು ಸಂಜೆಯೇ ಮಾಡಬಹುದಾದದ್ದೂ ಒಂದಿದೆ. ಕಿಟಕಿಯ ಕೆಳಗೆ ಒಂದು ಊಟದ ಮಣೆ, ಅದರ ಪಕ್ಕ ಗೋಡೆಗೆ ತಾಗಿಸಿ ಒಂದು ಸ್ಟೂಲು ಇಡಿ. ಎರಡರ ಮೇಲೂ ಜಾರದಂತೆ ಗೋಣಿಚೀಲ ಹಾಸಿ. ಹತ್ತಿ ಕುಳಿತರೆ ನನಗೆ ಬರೆಯಿರಿ.