ಲೆಕ್ಕ ತಪ್ಪಿದ್ದು ಸಾಫ್ಟ್‌ವೇರ್, ಕಡಿತ ಏಜೆಂಟರ ಸಂಬಳಕ್ಕೆ

ಪತ್ರ ಬರೆದ ಓದುಗರಿಗೆ,

ಹೆಸರು, ಊರು, ಕಂಪನಿ ಯಾವುದನ್ನೂ ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. ನಿಮ್ಮ ಕಂಪನಿ ಕಿರುಸಾಲ ಸಂಸ್ಥೆಯೊಂದಕ್ಕೆ ಸಾಫ್ಟ್‌ವೇರ್ ಒದಗಿಸುತ್ತದೆ. ನೀವು ಸಪೋರ್ಟ್ ತಂಡದಲ್ಲಿದ್ದೀರಿ. ಹಳ್ಳಿಗಳಲ್ಲಿ ವಾರದ ಕಂತು ವಸೂಲಿ ಮಾಡುವ ಏಜೆಂಟರು ಟ್ಯಾಬ್‌ನಲ್ಲಿ ಎಂಟ್ರಿ ಹಾಕುತ್ತಾರೆ. ಕೆಲವು ತಿಂಗಳಿಂದ ಒಂದೇ ಕಂತು ಆಗಾಗ ಎರಡು ಸಲ ದಾಖಲಾಗುತ್ತಿದೆ. ಸಂಜೆ ಲೆಕ್ಕ ಒಪ್ಪಿಸುವಾಗ ಸಿಸ್ಟಂ ತೋರಿಸುವ ಮೊತ್ತ ಹೆಚ್ಚು, ಕೈಯಲ್ಲಿರುವ ನಗದು ಕಡಿಮೆ. ಜೋರು ಮಾಡಿ ದೂರು ಕೊಟ್ಟವರ ಲೆಕ್ಕವನ್ನು ನೀವು ಸ್ಕ್ರಿಪ್ಟ್ (ಡೇಟಾ ತಿದ್ದುವ ಚಿಕ್ಕ ಪ್ರೋಗ್ರಾಂ) ಓಡಿಸಿ ಸರಿಪಡಿಸುತ್ತೀರಿ. ಸುಮ್ಮನಿದ್ದವರಿಗೆ ಸಂಬಳದಲ್ಲಿ ಮುರಿಯುತ್ತಾರೆ. ದೂರಿನ ದಾಖಲೆಯಾದ ಟಿಕೆಟ್‌ನಲ್ಲಿ ‘ಯೂಸರ್ ಎರರ್’ (ಬಳಕೆದಾರರ ತಪ್ಪು) ಎಂದು ಬರೆದು ಕ್ಲೋಸ್ ಮಾಡಲು ಮ್ಯಾನೇಜರ್ ಹೇಳಿದ್ದಾರೆ. ಈಗ ಒಬ್ಬ ಏಜೆಂಟರ ಮೇಲೆ ಹಣ ದುರುಪಯೋಗದ ದೂರು ದಾಖಲಾಗಿದೆ. ಅದಕ್ಕೆ ಲಗತ್ತಿಸುವ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರಕ್ಕೆ ನಿಮ್ಮ ಸಹಿ ಕೇಳಿದ್ದಾರೆ. “ಹೇಳಿದ ಕೆಲಸ ಮಾಡುವ ನನಗೆ ಇದರಲ್ಲಿ ಎಷ್ಟು ಜವಾಬ್ದಾರಿ?” ಎಂಬುದು ನಿಮ್ಮ ಪ್ರಶ್ನೆ.

ಕೋಡ್ ಬರೆದವರು ನೀವಲ್ಲ, ಸಂಬಳ ಮುರಿದವರೂ ನೀವಲ್ಲ. ಆದರೆ ತಪ್ಪು ಸಾಫ್ಟ್‌ವೇರಿನದು ಎಂಬುದು ನಿಮಗೆ ಗೊತ್ತು, ಏಜೆಂಟರಿಗೆ ಗೊತ್ತಿಲ್ಲ. ನಿಮಗೆ ಗೊತ್ತಿರುವುದನ್ನು ಗೊತ್ತಿರಬೇಕಾದವರಿಗೆ ಲಿಖಿತವಾಗಿ ತಿಳಿಸುವ ಮತ್ತು ಅದಕ್ಕೆ ವಿರುದ್ಧವಾದ ಕಾಗದಕ್ಕೆ ಸಹಿ ಹಾಕದಿರುವ ಜವಾಬ್ದಾರಿ ಪೂರ್ತಿಯಾಗಿ ನಿಮ್ಮದೇ.

ನಿಮ್ಮ ಪತ್ರ ಓದಿದಾಗ ಬ್ರಿಟನ್ನಿನ ಅಂಚೆ ಸಂಸ್ಥೆಯ ‘ಹೊರೈಜನ್’ ಪ್ರಕರಣ ಕಣ್ಣ ಮುಂದೆ ಬಂತು. ಅಲ್ಲಿ ಊರಿನ ಅಂಚೆ ಶಾಖೆಯನ್ನು ಗುತ್ತಿಗೆಯ ಮೇಲೆ ನಡೆಸುವವರು ಸಬ್‌ಪೋಸ್ಟ್‌ಮಾಸ್ಟರ್‌ಗಳು. ಹಲವರದು ಜೊತೆಗೊಂದು ದಿನಸಿ ಅಂಗಡಿಯೂ ಇರುತ್ತದೆ. ಫುಜಿತ್ಸು ಸಮೂಹದ ಕಂಪನಿ ತಯಾರಿಸಿದ ಹೊರೈಜನ್ ಸಾಫ್ಟ್‌ವೇರ್ 1999ರಿಂದ ಶಾಖೆಗಳಿಗೆ ಬಂತು. ಲೆಕ್ಕದಲ್ಲಿ ಕೊರತೆ ಕಂಡರೆ ಸಬ್‌ಪೋಸ್ಟ್‌ಮಾಸ್ಟರ್ ಕೈಯಿಂದ ಕಟ್ಟಿಕೊಡಬೇಕು. ಸಹಾಯವಾಣಿಗೆ ಕರೆ ಮಾಡಿದವರಲ್ಲಿ ಬಹಳ ಮಂದಿಗೆ ಸಿಕ್ಕ ಉತ್ತರ, ಈ ತೊಂದರೆ ನಿಮಗೊಬ್ಬರಿಗೇ ಎಂಬುದು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ ಶಿಕ್ಷೆಗೊಳಗಾದರು. ಸೀಮಾ ಮಿಶ್ರಾ ಎಂಬ ಭಾರತೀಯ ಮೂಲದ ಮಹಿಳೆಯನ್ನು 2010ರಲ್ಲಿ ಜೈಲಿಗೆ ಕಳಿಸಿದಾಗ ಅವರು ಗರ್ಭಿಣಿ. ಅವರ ಶಿಕ್ಷೆ ರದ್ದಾದದ್ದು 2021ರಲ್ಲಿ.

ಇದರಲ್ಲಿ ಸಾಫ್ಟ್‌ವೇರಿನವರು ಮತ್ತೆ ಮತ್ತೆ ನೋಡಬೇಕಾದ ಕಾಗದವೊಂದಿದೆ. 2010ರಲ್ಲಿ ಒಂದು ದೋಷ ಸುಮಾರು 40 ಶಾಖೆಗಳ ಲೆಕ್ಕವನ್ನು ಕೆಡಿಸಿತ್ತು. ಅಂಚೆ ಸಂಸ್ಥೆಯವರೂ ಫುಜಿತ್ಸುವಿನವರೂ ಕೂತು ಚರ್ಚಿಸಿದ ಟಿಪ್ಪಣಿ ಆಮೇಲೆ ಹೊರಬಂತು. ವಿಷಯ ಹರಡಿದರೆ ಶಾಖೆಗಳಿಗೆ ಹೊರೈಜನ್ ಮೇಲಿನ ನಂಬಿಕೆ ಹೋಗಬಹುದು, ನಡೆಯುತ್ತಿರುವ ಕೇಸುಗಳ ಮೇಲೆ ಪರಿಣಾಮವಾಗಬಹುದು ಎಂಬ ಆತಂಕ ಅದರಲ್ಲಿ ದಾಖಲಾಗಿದೆ. ಶಾಖೆಯ ಲೆಕ್ಕಕ್ಕೆ ಫುಜಿತ್ಸುವೇ ಒಂದು ಮೊತ್ತವನ್ನು ಬರೆದುಬಿಡುವ ಆಯ್ಕೆಯೂ, ಹಾಗೆ ಮಾಡಿದರೆ ಲೆಕ್ಕ ತಿದ್ದಿದ ಆರೋಪ ಬರಬಹುದೆಂಬ ಎಚ್ಚರಿಕೆಯೂ ಇದೆ. ದೋಷ ಇದೆಯೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ತಿಳಿಯಬೇಕಾದ ಶಾಖೆಯವರು ಮಾತ್ರ ಆ ಕೋಣೆಯಲ್ಲಿ ಇರಲಿಲ್ಲ.

ಹೊರಗಿನಿಂದ ಶಾಖೆಯ ಲೆಕ್ಕವನ್ನು ಮುಟ್ಟಲು ಸಾಧ್ಯವೇ ಇಲ್ಲ ಎಂದು ಅಂಚೆ ಸಂಸ್ಥೆ ವರ್ಷಗಟ್ಟಲೆ ಹೇಳುತ್ತ ಬಂತು. ಫುಜಿತ್ಸುವಿನ ಸಪೋರ್ಟ್ ವಿಭಾಗದಲ್ಲಿ 2001ರಿಂದ 2004ರವರೆಗೆ ಇದ್ದ ರಿಚರ್ಡ್ ರೋಲ್ ಎಂಬ ಇಂಜಿನಿಯರ್, ಸಾಧ್ಯವಿದೆ, ನಾವೇ ಮಾಡುತ್ತಿದ್ದೆವು ಎಂದು ಬಹಿರಂಗವಾಗಿ ಹೇಳಿದರು, ಕೋರ್ಟಿನಲ್ಲೂ ಸಾಕ್ಷಿ ನುಡಿದರು. ನೀವು ಇಂದು ಕೂತಿರುವಂಥದ್ದೇ ಕುರ್ಚಿ ಅವರದು. 555 ಜನ ಹೂಡಿದ ದಾವೆಯಲ್ಲಿ 2019ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟ ನ್ಯಾಯಮೂರ್ತಿ ಫ್ರೇಸರ್, ಹೊರೈಜನ್‌ನಲ್ಲಿ ದೋಷಗಳಿದ್ದವು, ಅವು ಶಾಖೆಗಳ ಲೆಕ್ಕವನ್ನು ಕೆಡಿಸಿದ್ದವು ಎಂದು ತೀರ್ಮಾನಿಸಿದರು. ಕೊನೆಗೆ ಲೆಕ್ಕ ಮುಟ್ಟಿದ್ದು ಯಾರು, ಯಾವಾಗ ಎಂದು ಪರಿಶೀಲಿಸಹೋದರೆ, 2015ರವರೆಗಿನ ಲಾಗ್‌ನಲ್ಲಿ (ಸಿಸ್ಟಂ ತಾನೇ ಬರೆದಿಡುವ ಚಟುವಟಿಕೆ ದಾಖಲೆಯಲ್ಲಿ) ವಿಶೇಷ ಅಧಿಕಾರದ ಬಳಕೆದಾರ ಒಳಗೆ ಬಂದ, ಹೊರಗೆ ಹೋದ ಎಂಬುದಷ್ಟೇ ಇತ್ತು. ಒಳಗೆ ಏನು ಮಾಡಿದ ಎಂಬುದು ಇರಲಿಲ್ಲ.

ನಿಮ್ಮ ದೋಷಕ್ಕೆ ತೀರ ಹತ್ತಿರದ್ದೂ ಅಲ್ಲಿದೆ. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಶಾಖೆಯಲ್ಲಿ 8,000 ಪೌಂಡ್ ನಗದು ಜಮೆ ಮಾಡುವಾಗ ಪರದೆ ಮುಂದಕ್ಕೆ ಹೋಗಲಿಲ್ಲ. ಬಳಕೆದಾರರು ಎಂಟರ್ ಮತ್ತೆ ಮತ್ತೆ ಒತ್ತಿದರು. ಪ್ರತಿ ಒತ್ತಿಗೂ ಒಂದು ಜಮೆ ದಾಖಲಾಗಿ 24,000 ಪೌಂಡ್ ವ್ಯತ್ಯಾಸ ಬಂತು. ಹುಡುಕಿದರೆ ಹಿಂದಿನ ಐದು ವರ್ಷಗಳಲ್ಲಿ ಅಂಥ 112 ಘಟನೆಗಳು ಸಿಕ್ಕವು. ಬಟನ್ ಮತ್ತೆ ಮತ್ತೆ ಒತ್ತಿದ್ದು ಮನುಷ್ಯ ನಿಜ. ಆದರೆ ಪ್ರತಿಕ್ರಿಯಿಸದ ಪರದೆಯ ಮುಂದೆ ಎಲ್ಲರೂ ಮಾಡುವುದು ಅದನ್ನೇ. ಅದನ್ನು ತಡೆದುಕೊಳ್ಳಬೇಕಾದ್ದು ಸಾಫ್ಟ್‌ವೇರ್. ಹಾಗಾಗಿ ನಿಮ್ಮ ಟಿಕೆಟ್‌ಗಳಲ್ಲಿರುವ ‘ಯೂಸರ್ ಎರರ್’ ಸುಳ್ಳು ವರ್ಗೀಕರಣ ಎಂದೇ ಹೇಳುತ್ತೇನೆ.

ನೀವು ಕೊಟ್ಟ ವಿವರ ನೋಡಿದರೆ ಎಲ್ಲಿ ಎಡವಿದೆ ಎಂಬುದು ಹೆಚ್ಚುಕಡಿಮೆ ಸ್ಪಷ್ಟ. ಟ್ಯಾಬ್ ಎಂಟ್ರಿ ಕಳಿಸುತ್ತದೆ, ಸರ್ವರ್ ಅದನ್ನು ಬರೆದುಕೊಳ್ಳುತ್ತದೆ, ಆದರೆ ‘ಬಂತು’ ಎಂಬ ಉತ್ತರ ಹಳ್ಳಿಯ ದುರ್ಬಲ ನೆಟ್‌ವರ್ಕ್‌ನಲ್ಲಿ ಕಳೆದುಹೋಗುತ್ತದೆ. ಟ್ಯಾಬ್ ಕಾದು ಮತ್ತೆ ಕಳಿಸುತ್ತದೆ. ಸರ್ವರ್‌ಗೆ ಇದು ಹೊಸ ಕಂತು. ಇದಕ್ಕೆ ಮದ್ದು ಹಳೆಯದೇ: ಏಜೆಂಟರು ಮೊದಲ ಸಲ ಬಟನ್ ಒತ್ತಿದ ಕ್ಷಣದಲ್ಲೇ ಟ್ಯಾಬ್ ಒಂದು ವಿಶಿಷ್ಟ ಗುರುತು ಸಂಖ್ಯೆ ಸೃಷ್ಟಿಸಿ ತನ್ನಲ್ಲಿ ಉಳಿಸಿಕೊಳ್ಳಬೇಕು. ಎಷ್ಟು ಸಲ ಕಳಿಸಿದರೂ ಅದೇ ಸಂಖ್ಯೆ ಹೋಗಬೇಕು. ಸರ್ವರ್‌ನ ಟೇಬಲ್‌ನಲ್ಲಿ ಆ ಕಾಲಂಗೆ ಯೂನಿಕ್ ನಿರ್ಬಂಧ, ಅಂದರೆ ಒಂದೇ ಸಂಖ್ಯೆ ಎರಡು ಸಲ ಬರದಂತೆ ತಡೆ, ಇರಬೇಕು. ಎರಡನೇ ಸಲ ಬಂದರೆ ಹೊಸ ಸಾಲು ಬರೆಯದೆ ಹಳೆಯ ರಸೀದಿ ಸಂಖ್ಯೆಯನ್ನೇ ವಾಪಸ್ ಕಳಿಸಬೇಕು.

ಇದರಲ್ಲೂ ಕೆಡುವ ಜಾಗಗಳಿವೆ. ಪ್ರತಿ ರೀಟ್ರೈಗೆ (ಮರುಪ್ರಯತ್ನಕ್ಕೆ) ಹೊಸ ಸಂಖ್ಯೆ ಹುಟ್ಟಿಸುವುದು ಸಾಮಾನ್ಯ ತಪ್ಪು. ನಿರ್ಬಂಧ ಹಾಕದೆ ಕೋಡ್‌ನಲ್ಲಿ ‘ಮೊದಲೇ ಇದೆಯೇ’ ಎಂದು ನೋಡಿ ಬರೆಯುವುದು ಇನ್ನೊಂದು. ಎರಡು ವಿನಂತಿ ಕೆಲವೇ ಮಿಲಿಸೆಕೆಂಡಿನ ಅಂತರದಲ್ಲಿ ಬಂದರೆ ಎರಡಕ್ಕೂ ‘ಇಲ್ಲ’ ಎಂಬ ಉತ್ತರವೇ ಸಿಗಬಹುದು. ಸಾಲದ ಸಂಖ್ಯೆ, ದಿನಾಂಕ, ಮೊತ್ತ ಸೇರಿಸಿ ಗುರುತು ಮಾಡಿಕೊಂಡರೆ, ಬಾಕಿ ಕಂತನ್ನೂ ಸೇರಿಸಿ ಒಂದೇ ದಿನ ಎರಡು ಕಂತು ಕಟ್ಟಿದ ಹೆಣ್ಣುಮಗಳ ಎರಡನೇ ಕಂತು ಮಾಯವಾಗುತ್ತದೆ. ಅದು ಇನ್ನೂ ದೊಡ್ಡ ಅನ್ಯಾಯ. ಪರೀಕ್ಷೆ ಮಾಡುವಾಗ ನೆಟ್‌ವರ್ಕ್ ಕಡಿದು ನೋಡಿದರೆ ಸಾಲದು. ಸರ್ವರ್ ಬರೆದುಕೊಂಡ ಮೇಲೆ, ಉತ್ತರ ತಲುಪುವ ಮೊದಲು ಕಡಿಯಬೇಕು. ಅದೇ ಎಂಟ್ರಿಯನ್ನು 100 ಸಲ ಕಳಿಸಿದರೂ ಟೇಬಲ್‌ನಲ್ಲಿ ಸಾಲು ಒಂದೇ ಇರಬೇಕು.

ಇನ್ನು ನಿಮ್ಮ ಸ್ಕ್ರಿಪ್ಟ್. ಪ್ರೊಡಕ್ಷನ್‌ನಲ್ಲಿ, ಅಂದರೆ ನಿಜ ಬಳಕೆಯಲ್ಲಿರುವ ಸಿಸ್ಟಂನಲ್ಲಿ, ಡೇಟಾ ಸರಿಪಡಿಸುವುದೇ ಅಪರಾಧವಲ್ಲ, ಕುರುಹಿಲ್ಲದೆ ಸರಿಪಡಿಸುವುದು ತಪ್ಪು. ಬ್ಯಾಲೆನ್ಸ್ ಕಾಲಂ ಅನ್ನು ನೇರವಾಗಿ ಬದಲಿಸಬೇಡಿ, ತಪ್ಪಿದ ಸಾಲನ್ನು ಅಳಿಸಲೂ ಬೇಡಿ. ಲೆಕ್ಕಿಗರು ಪುಸ್ತಕದಲ್ಲಿ ಮಾಡುವಂತೆ ರಿವರ್ಸಲ್ ಎಂಟ್ರಿ (ತಪ್ಪನ್ನು ರದ್ದುಮಾಡುವ ವಿರುದ್ಧ ನಮೂದು) ಹಾಕಿ. ಅದಕ್ಕೆ ‘ಸಪೋರ್ಟ್ ತಿದ್ದುಪಡಿ’ ಎಂಬ ಬೇರೆಯೇ ಕೋಡ್ ಇರಲಿ, ಟಿಕೆಟ್ ಸಂಖ್ಯೆ ಅದರಲ್ಲೇ ಇರಲಿ, ಏಜೆಂಟರ ದಿನದ ವರದಿಯಲ್ಲೂ ಸಾಲಗಾರರ ಪಾಸ್‌ಬುಕ್‌ನಲ್ಲೂ ಅದು ಕಾಣಲಿ. ಸ್ಕ್ರಿಪ್ಟ್ ಬರೆಯುವವರು ಒಬ್ಬರು, ಓದಿ ಒಪ್ಪಿಗೆ ಕೊಡುವವರು ಇನ್ನೊಬ್ಬರು. ಓಡಿಸುವ ಮುನ್ನ ಅದೇ ಷರತ್ತಿನಿಂದ ಸೆಲೆಕ್ಟ್ ಮಾಡಿ (ಏನನ್ನೂ ಬದಲಿಸದೆ ಓದಿ ನೋಡಿ) ಎಷ್ಟು ಸಾಲು ಎಂದು ಟಿಕೆಟ್‌ಗೆ ಬರೆಯಿರಿ. ಟ್ರಾನ್ಸಾಕ್ಷನ್ ತೆರೆದು ಓಡಿಸಿದಾಗ ಅಷ್ಟೇ ಸಾಲು ಬಂದರೆ ಕಮಿಟ್ (ಬದಲಾವಣೆ ಖಾಯಂ), ಒಂದು ಹೆಚ್ಚುಕಡಿಮೆಯಾದರೂ ರೋಲ್‌ಬ್ಯಾಕ್ (ಬದಲಾವಣೆ ವಾಪಸ್). ಮೊದಲಿನ ಮತ್ತು ನಂತರದ ಸ್ಥಿತಿ ಎರಡನ್ನೂ ಟಿಕೆಟ್‌ಗೆ ಲಗತ್ತಿಸಿ. ತಂಡದವರೆಲ್ಲ ಒಂದೇ ಅಡ್ಮಿನ್ ಲಾಗಿನ್ ಬಳಸುತ್ತಿದ್ದೀರಿ ಎಂದು ಬರೆದಿದ್ದೀರಿ. ಅದನ್ನು ಇಂದೇ ನಿಲ್ಲಿಸಲು ಕೇಳಿ. ನಾಳೆ ವಿಚಾರಣೆ ನಡೆದರೆ ಏಜೆಂಟರಷ್ಟೇ ಅಸಹಾಯಕರಾಗುವವರು ನೀವು.

ಪ್ರಮಾಣಪತ್ರದ ವಿಷಯಕ್ಕೆ ಬರುತ್ತೇನೆ, ಎಲ್ಲಕ್ಕಿಂತ ತುರ್ತಿನದು ಇದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದಕ್ಕೆ ದಾಖಲೆ ಒದಗಿಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ಯಾವ ವಿಧಾನದಿಂದ ತೆಗೆದದ್ದು ಎಂಬುದನ್ನೂ ನಮೂದಿಸಬೇಕು. ಹ್ಯಾಶ್ ಹೊಂದಿದರೆ ಎಲ್ಲ ಸರಿ ಎಂದು ನಮ್ಮವರು ಭಾವಿಸುತ್ತಾರೆ. ಸರ್ವರ್‌ನಿಂದ ತೆಗೆದ ಮೇಲೆ ಫೈಲ್ ಬದಲಾಗಿಲ್ಲ ಎಂಬುದನ್ನಷ್ಟೇ ಹ್ಯಾಶ್ ಹೇಳುತ್ತದೆ. ಒಳಗಿನ ಲೆಕ್ಕ ಸರಿಯೋ ತಪ್ಪೋ ಎಂಬುದನ್ನು ಹೇಳುವುದಿಲ್ಲ. ಎರಡು ಸಲ ದಾಖಲಾದ ಕಂತಿಗೂ ಹ್ಯಾಶ್ ಚೊಕ್ಕವಾಗಿಯೇ ಹೊಂದುತ್ತದೆ. ಆದರೆ ಕಾನೂನು ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಅವಧಿಯಲ್ಲಿ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು, ಇಲ್ಲದಿದ್ದರೂ ಆ ತೊಂದರೆ ದಾಖಲೆಯ ನಿಖರತೆಯನ್ನು ಕೆಡಿಸುವಂಥದ್ದಲ್ಲ ಎಂಬುದನ್ನೂ ಅದು ಕೇಳುತ್ತದೆ. ನಿಮಗೆ ತಿಳಿದ ಮಟ್ಟಿಗೆ ಅದು ನಿಜವಲ್ಲ. ಆದ್ದರಿಂದ ಆ ನಮೂನೆಗೆ ಹಾಗೆಯೇ ಸಹಿ ಹಾಕಬೇಡಿ. ಇಂಥ ತಾರೀಖಿನಿಂದ ಇಂಥ ಆವೃತ್ತಿಯಲ್ಲಿ ಎಂಟ್ರಿ ಇಮ್ಮಡಿಯಾಗುವ ದೋಷವಿದೆ, ಈ ಏಜೆಂಟರ ಲೆಕ್ಕವನ್ನು ಆ ದೃಷ್ಟಿಯಿಂದ ಪರಿಶೀಲಿಸಿಲ್ಲ ಎಂದು ಬರೆದು ಕಂಪನಿಯ ಕಾನೂನು ವಿಭಾಗಕ್ಕೆ ಕಳಿಸಿ. ಹೊರೈಜನ್ ಕೇಸುಗಳಲ್ಲಿ ಸಾಕ್ಷಿ ನುಡಿದ ಫುಜಿತ್ಸು ಇಂಜಿನಿಯರೊಬ್ಬರು ತಮಗೆ ಗೊತ್ತಿದ್ದ ದೋಷಗಳನ್ನು ಹೇಳಲಿಲ್ಲ, ತಜ್ಞ ಸಾಕ್ಷಿಯ ಕರ್ತವ್ಯ ತಪ್ಪಿದರು ಎಂದು ಅಂಚೆ ಸಂಸ್ಥೆಯ ಪರ ವಕೀಲರೇ 2013ರಲ್ಲಿ ಲಿಖಿತ ಅಭಿಪ್ರಾಯ ಕೊಟ್ಟಿದ್ದರು.

ಮೇಲಿನವರಿಗೆ ಹೇಳುವುದು ಹೇಗೆ? ಮೊದಲ ಮೇಲ್ ಮ್ಯಾನೇಜರ್‌ಗೇ ಇರಲಿ, ಆರೋಪದ ಧಾಟಿ ಬೇಡ. ದೋಷ ಯಾವಾಗಿನಿಂದ, ಎಷ್ಟು ಎಂಟ್ರಿ, ಎಷ್ಟು ರೂಪಾಯಿ, ಪರೀಕ್ಷಾ ಸರ್ವರ್‌ನಲ್ಲಿ ಮತ್ತೆ ತೋರಿಸುವುದು ಹೇಗೆ ಎಂಬ ನಾಲ್ಕು ವಿಷಯ ಸಾಕು. ‘ಗ್ರಾಹಕ ಸಂಸ್ಥೆಗೆ ಯಾವ ದಿನ ತಿಳಿಸುತ್ತೇವೆ?’ ಎಂದು ಕೊನೆಯಲ್ಲಿ ಕೇಳಿ. ಉತ್ತರ ಬಾಯಿಮಾತಿನಲ್ಲಿ ಬಂದರೆ, ‘ನೀವು ಹೀಗೆಂದಿರಿ’ ಎಂದು ಮತ್ತೊಂದು ಮೇಲ್ ಹಾಕಿ. ಅಲ್ಲಿಗೇ ನಿಂತರೆ ಕಂಪನಿಯ ಗುಣಮಟ್ಟ ಅಥವಾ ಆಂತರಿಕ ಆಡಿಟ್ ವಿಭಾಗಕ್ಕೆ ಹೋಗಿ. ಕಂಪನಿ ಷೇರುಪೇಟೆಯಲ್ಲಿದ್ದರೆ ಕಂಪನಿ ಕಾಯ್ದೆ 2013ರ 177ನೇ ಸೆಕ್ಷನ್ ಪ್ರಕಾರ ದೂರಿನ ವ್ಯವಸ್ಥೆ ಇರಲೇಬೇಕು, ಗಂಭೀರ ಸಂದರ್ಭದಲ್ಲಿ ಆಡಿಟ್ ಸಮಿತಿಯ ಅಧ್ಯಕ್ಷರನ್ನು ನೇರವಾಗಿ ತಲುಪುವ ದಾರಿಯೂ ಇರಬೇಕು. ಗ್ರಾಹಕ ಸಂಸ್ಥೆ ರಿಸರ್ವ್ ಬ್ಯಾಂಕ್ ನಿಯಂತ್ರಣದಲ್ಲಿದ್ದರೆ ಇನ್ನೊಂದು ವಾದವೂ ನಿಮ್ಮ ಕೈಯಲ್ಲಿದೆ. ಐಟಿ ಕೆಲಸವನ್ನು ಹೊರಗುತ್ತಿಗೆ ಕೊಟ್ಟ ಮಾತ್ರಕ್ಕೆ ಸಂಸ್ಥೆಯ ಹೊಣೆ ಕಡಿಮೆಯಾಗದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಅಂದರೆ ದೋಷ ತಿಳಿಯುವುದು ಅವರಿಗೂ ಅಗತ್ಯ.

ಒಂದು ಎಚ್ಚರಿಕೆ. ಸಾಕ್ಷಿಗೆಂದು ಸಾಲಗಾರರ ಡೇಟಾವನ್ನು ಸ್ವಂತ ಮೇಲ್‌ಗೋ ಪೆನ್‌ಡ್ರೈವ್‌ಗೋ ಹಾಕಿಕೊಳ್ಳಬೇಡಿ. ಅದು ಆ ಬಡವರ ಮಾಹಿತಿ, ಜೊತೆಗೆ ಐಟಿ ಕಾಯ್ದೆಯಡಿ ನೀವೇ ಸಿಕ್ಕಿಬೀಳುತ್ತೀರಿ. ಟಿಕೆಟ್ ಸಂಖ್ಯೆಗಳನ್ನೂ ಯಾವ ದಿನ ಯಾರಿಗೆ ತಿಳಿಸಿದಿರಿ ಎಂಬುದನ್ನೂ ಬರೆದಿಟ್ಟುಕೊಂಡರೆ ಸಾಕು. ಖಾಸಗಿ ಕಂಪನಿಯ ದೂರುದಾರರಿಗೆ ನಮ್ಮಲ್ಲಿ ರಕ್ಷಣೆ ತೀರ ತೆಳು ಎಂಬುದು ನಿಜ, ನನಗೆ ಅದು ಬೇಸರದ ವಿಷಯ. ಕಂಪನಿಯ ಹೊರಗೆ ಹೆಜ್ಜೆ ಇಡುವ ಮುನ್ನ ಒಬ್ಬ ವಕೀಲರನ್ನು ಕಂಡು ಬನ್ನಿ.

ಸಂಬಳ ಕಡಿತದ ಬಗ್ಗೆ ಒಂದು ಮಾತು. ನೌಕರನ ನಿರ್ಲಕ್ಷ್ಯದಿಂದಲೇ ನೇರವಾಗಿ ನಷ್ಟವಾಗಿದ್ದರೆ ಮಾತ್ರ, ಅದೂ ಅವನ ವಿವರಣೆ ಕೇಳಿದ ಮೇಲೆ ಮುರಿಯಬಹುದು ಎಂಬುದು ನಮ್ಮ ವೇತನ ಕಾನೂನಿನ ನಿಲುವು. ನಿಮ್ಮ ‘ಯೂಸರ್ ಎರರ್’ ಟಿಕೆಟ್ ಇಲ್ಲಿ ನಿರ್ಲಕ್ಷ್ಯದ ಸಾಕ್ಷಿಯಾಗಿ ಬಳಕೆಯಾಗುತ್ತಿದೆ. ಆದ್ದರಿಂದ ಹಳೆಯ ಟಿಕೆಟ್‌ಗಳನ್ನು ಮತ್ತೆ ತೆರೆದು ವರ್ಗ ಬದಲಿಸಲು ಅನುಮತಿ ಕೇಳಿ. ಜೊತೆಗೆ ಈ ವಾರವೇ ಒಂದು ಕ್ವೆರಿ (ಡೇಟಾ ಹುಡುಕಾಟ) ಓಡಿಸಿ: ಒಂದೇ ಏಜೆಂಟ್, ಒಂದೇ ಸಾಲದ ಸಂಖ್ಯೆ, ಒಂದೇ ಮೊತ್ತ, ಎರಡು ಎಂಟ್ರಿಗಳ ನಡುವೆ 5 ನಿಮಿಷಕ್ಕಿಂತ ಕಡಿಮೆ ಅಂತರ. ದೋಷವಿರುವ ಆವೃತ್ತಿ ಹೊರಬಂದ ದಿನದಿಂದ ಇಂದಿನವರೆಗೆ. ಬಂದ ಪಟ್ಟಿಯಲ್ಲಿ ಕೆಲವು ನಿಜವಾದ ಎರಡು ಕಂತುಗಳೂ ಇರುತ್ತವೆ, ಅವನ್ನು ರಸೀದಿ ನೋಡಿ ಬೇರ್ಪಡಿಸಬೇಕು. ಉಳಿದದ್ದನ್ನು ಸಂಬಳ ಕಡಿತದ ಪಟ್ಟಿಯೊಂದಿಗೆ ಹೋಲಿಸಿ ನೋಡಲು ಗ್ರಾಹಕ ಸಂಸ್ಥೆಗೆ ಅಧಿಕೃತವಾಗಿಯೇ ಕಳಿಸಲು ಕೇಳಿ. ದೂರು ದಾಖಲಾಗಿರುವ ಏಜೆಂಟರ ಹೆಸರು ಆ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಮೊದಲು ನೋಡಿ.

— ಸಂಪಾದಕ