ಕವಿ ಊರೂರು ತಿರುಗಬೇಕಾ?

(ಕಳೆದ ಸಂಚಿಕೆಯಲ್ಲಿ ಐರ್ಲೆಂಡಿನ ಕವಯಿತ್ರಿ ಪೌಲಾ ಮೀಹನ್ ಬಗ್ಗೆ ಬಂದ ಲೇಖನ ಓದಿ ಶಿವಮೊಗ್ಗ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಬರೆದಿದ್ದಾರೆ: “ಆಕೆ ಎಲ್ಲೆಲ್ಲಿ ಕವಿತೆ ಓದಿದರು, ಎಲ್ಲಿ ಕಮ್ಮಟ ನಡೆಸಿದರು, ಯಾವ ಉತ್ಸವಕ್ಕೆ ಹೋದರು ಅನ್ನೋದರಲ್ಲೇ ಅರ್ಧ ಲೇಖನ ಮುಗಿದುಹೋಯಿತು. ಕವಿಯ ಕೆಲಸ ಬರೆಯೋದು, ತಿರುಗೋದಲ್ಲ. ಕಮ್ಮಟಕ್ಕೆ ಹೋಗಿ ಯಾರಾದರೂ ಕವಿ ಆಗಿದ್ದಾರಾ? ಕುವೆಂಪು ಯಾವ ಕಮ್ಮಟಕ್ಕೆ ಹೋಗಿದ್ದರು? ಈಕೆಯನ್ನು ಓದಬೇಕು ಅಂದರೆ ಎಲ್ಲಿಂದ ಶುರು ಮಾಡಲಿ, ಅದನ್ನಾದರೂ ತಿಳಿಸಿ.”)

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರದ ಕೊನೆಯ ಸಾಲು ಓದಿ ಖುಷಿಯಾಯಿತು. ಇಷ್ಟು ಸಿಟ್ಟಿನ ನಡುವೆಯೂ ಓದುವ ಆಸೆಯನ್ನು ನೀವು ಬಿಟ್ಟಿಲ್ಲ. ಆದರೆ ಕವಿತಾ ವಾಚನ, ಕಮ್ಮಟ, ಉತ್ಸವ ಎಲ್ಲವೂ ಕಾವ್ಯಕ್ಕೆ ಹೊರಗಿನ ಓಡಾಟ ಅನ್ನುವ ಮಾತನ್ನು ನಾನು ಒಪ್ಪಲಾರೆ. ಮೀಹನ್ ಅವರ ವಿಷಯದಲ್ಲಂತೂ ಖಂಡಿತ ಒಪ್ಪಲಾರೆ.

ಅವರ ಒಂದು ಕವಿತೆಯನ್ನೇ ನೋಡೋಣ. 1984ರ ಜನವರಿ 31. ಲಾಂಗ್‌ಫರ್ಡ್ ಕೌಂಟಿಯ ಗ್ರನಾರ್ಡ್ ಎಂಬ ಸಣ್ಣ ಊರು. 15 ವರ್ಷದ ಶಾಲಾ ಹುಡುಗಿಯೊಬ್ಬಳು ಮೇರಿ ಮಾತೆಯ ಪ್ರತಿಮೆಯ ಹತ್ತಿರ, ಚಳಿಯಲ್ಲಿ ಒಬ್ಬಳೇ ಮಗು ಹೆತ್ತಳು. ಮಗು ಉಳಿಯಲಿಲ್ಲ. ಅದೇ ದಿನ ಅವಳೂ ತೀರಿಕೊಂಡಳು. ಊರಿನವರು ಬಾಯಿ ಬಿಡಲಿಲ್ಲ. ಮುಂದಿನ ತಿಂಗಳು ಐರ್ಲೆಂಡಿನ ಹೆಸರಾಂತ ನಿರೂಪಕ ಗೇ ಬರ್ನ್ ತಮ್ಮ ರೇಡಿಯೋ ಕಾರ್ಯಕ್ರಮದಲ್ಲಿ, ಈ ಸಾವಿನ ಸುದ್ದಿ ಕೇಳಿ ಜನ ಬರೆದ ಪತ್ರಗಳನ್ನು ಓದಿಸಿದರು. ಮದುವೆಗೆ ಮುಂಚೆ ಬಸಿರಾಗಿ, ಯಾರಿಗೂ ಹೇಳಲಾಗದೆ ಹೆತ್ತ ಹೆಂಗಸರ ಪತ್ರಗಳೂ ಅದರಲ್ಲಿದ್ದವು. ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿದ್ದ ಮಾತುಗಳು ಅವು. ದೇಶ ಅವನ್ನು ಕಿವಿಯಾರೆ ಕೇಳಬೇಕಾಯಿತು.

ಮೀಹನ್ ಈ ಸಾವಿನ ಬಗ್ಗೆ ಬರೆದ ಕವಿತೆ 1991ರ ಸಂಕಲನದಲ್ಲಿದೆ. ಅಲ್ಲಿ ಮಾತಾಡೋದು ಆ ಪ್ರತಿಮೆಯೇ. ಹುಡುಗಿ ಕೂಗಿದಾಗ ತಾನು ನೆರವಿಗೆ ಬರಲಿಲ್ಲ ಅಂತ ಅದು ತನ್ನ ಬಾಯಿಂದಲೇ ಹೇಳುತ್ತದೆ. ಇಂಥ ಕವಿತೆಯನ್ನು ಪುಟದಲ್ಲಿ ಸುಮ್ನೆ ಓದಿಕೊಳ್ಳಬಹುದು, ನಿಜ. ಆದರೆ ಊರೇ ಮೌನವಾಗಿದ್ದ ಸಂಗತಿಯನ್ನು ಒಬ್ಬ ಹೆಂಗಸು ಜನರ ಎದುರು ನಿಂತು ಜೋರಾಗಿ ಹೇಳುವಾಗ ನಡೆಯೋದೇ ಬೇರೆ. ಪಕ್ಕದ ಕುರ್ಚಿಯಲ್ಲಿ ಕೂತವರೂ ಅದನ್ನೇ ಕೇಳುತ್ತಿರುತ್ತಾರೆ. ಆಮೇಲೆ ‘ನನಗೆ ಗೊತ್ತಿರಲಿಲ್ಲ’ ಅನ್ನೋಕೆ ಯಾರಿಗೂ ಆಗುವುದಿಲ್ಲ. 2015ರಲ್ಲಿ ಐರ್ಲೆಂಡಿನ ಸರ್ಕಾರಿ ಪ್ರಸಾರ ಸಂಸ್ಥೆ, ಕಳೆದ 100 ವರ್ಷಗಳಲ್ಲಿ ಜನರಿಗೆ ಹೆಚ್ಚು ಪ್ರಿಯವಾದ ಐರಿಶ್ ಕವಿತೆ ಯಾವುದು ಅಂತ ಹುಡುಕಿತು. ಕೊನೆಯ ಸುತ್ತಿಗೆ ಬಂದ 10 ಕವಿತೆಗಳಲ್ಲಿ ಇದೂ ಒಂದು. ಪುಸ್ತಕದ ಕಪಾಟಿನಲ್ಲೇ ಉಳಿದಿದ್ದರೆ ಅದು ಅಷ್ಟು ಜನರ ಕವಿತೆ ಆಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಇನ್ನು ಕಮ್ಮಟದ ಮಾತು. ನೀವು ಕುವೆಂಪು ಅವರ ಹೆಸರು ತೆಗೆದಿರಿ. ಮೈಸೂರಿಗೆ ಬಂದಿದ್ದ ಜೇಮ್ಸ್ ಕಸಿನ್ಸ್ ಅವರ ಹತ್ತಿರ ವಿದ್ಯಾರ್ಥಿ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಹೋಗಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ಭಾಷೆಯಲ್ಲೇ ಬರೆಯಿರಿ ಅಂತ ಕಸಿನ್ಸ್ ಹೇಳಿದರು. ಕಸಿನ್ಸ್ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಐರಿಶ್ ಕವಿ. ಕಸಿನ್ಸ್ ಅವರೇ ಕುವೆಂಪು ಅವರನ್ನು ಕವಿ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಅನುಭವಸ್ಥ ಕವಿಯೊಬ್ಬ ಎಳೆಯ ಕವಿಯ ಹಸ್ತಪ್ರತಿಯನ್ನು ಗಮನ ಕೊಟ್ಟು ಓದಿ, ಮುಲಾಜಿಲ್ಲದೆ ಒಂದು ಮಾತು ಹೇಳಿದರು. ಒಳ್ಳೆಯ ಕಮ್ಮಟದಲ್ಲಿ ನಡೆಯೋದು ಇದೇ ಅಲ್ವಾ?

ಮೀಹನ್ ಈ ಕೆಲಸವನ್ನು ಎಲ್ಲಿ ಮಾಡಿದರು ಅನ್ನೋದು ಮುಖ್ಯ. ಅವರು 1955ರಲ್ಲಿ ಡಬ್ಲಿನ್‌ನ ಬಡವರ ಬೀದಿಗಳಲ್ಲಿ ಹುಟ್ಟಿ ಬೆಳೆದವರು. ಶಾಲೆಯ ಕಟ್ಟುಪಾಡುಗಳ ವಿರುದ್ಧ ಪ್ರತಿಭಟನೆ ಮಾಡಿಸಿದ್ದಕ್ಕೆ ಅವರನ್ನು ಶಾಲೆಯಿಂದ ಹೊರಗೆ ಹಾಕಿದರು. ತಾವೇ ಓದಿ ಪರೀಕ್ಷೆ ಕಟ್ಟಿ, ಮುಂದೆ ಟ್ರಿನಿಟಿ ಕಾಲೇಜು ಸೇರಿದರು. ಹೀಗೆ ಬೆಳೆದವರು ಬಡಾವಣೆಗಳಲ್ಲಿ, ಜೈಲುಗಳಲ್ಲಿ ಕಮ್ಮಟ ನಡೆಸಿದ್ದಾರೆ. ಮೌಂಟ್‌ಜಾಯ್ ಜೈಲಿನ ಮಹಿಳಾ ಕೈದಿಗಳ ಜೊತೆಗೂ ಕೂತಿದ್ದಾರೆ. ಆ ಹೆಂಗಸರಲ್ಲಿ ಎಷ್ಟು ಜನ ಕವಿಗಳಾದರು ಅಂತ ಕೇಳಬೇಡಿ ಮೇಷ್ಟ್ರೇ. ನಿಮ್ಮ ತರಗತಿಯ ಎಲ್ಲ ಮಕ್ಕಳೂ ಕವಿಗಳಾಗಲಿ ಅಂತ ನೀವು ಪದ್ಯ ಪಾಠ ಮಾಡಲಿಲ್ಲ. ತನಗೆ ಆದದ್ದನ್ನು ತನ್ನ ಮಾತಿನಲ್ಲಿ ಹೇಳಬಹುದು, ಅದನ್ನು ಕೇಳೋಕೆ ಜನ ಇದ್ದಾರೆ ಅನ್ನೋದು ಜೈಲಿನಲ್ಲಿರುವ ಹೆಂಗಸಿಗೆ ಸಣ್ಣ ವಿಷಯ ಅಲ್ಲ. ಮೀಹನ್ ಅವರಿಗೂ ಅಲ್ಲಿಂದ ಸಿಕ್ಕಿದ್ದಿದೆ. ಒಂದೇ ಸೆಲ್‌ನಲ್ಲಿರುವ ಮಹಿಳಾ ಕೈದಿಗಳ ಬಗ್ಗೆ ಅವರು ಬರೆದ ನಾಟಕ 1999ರಲ್ಲಿ ರಂಗಕ್ಕೆ ಬಂತು.

ಶಾಲೆ ಬಿಡಿಸಿಕೊಂಡ ಈ ಹುಡುಗಿ 2013ರಲ್ಲಿ ಐರ್ಲೆಂಡಿನ ಕಾವ್ಯ ಪ್ರಾಧ್ಯಾಪಕಿಯಾದರು. ಐರಿಶ್ ಕವಿ ಸೀಮಸ್ ಹೀನಿ ಅವರಿಗೆ 1995ರಲ್ಲಿ ನೊಬೆಲ್ ಬಂದ ನೆನಪಿಗೆ 1998ರಲ್ಲಿ ಈ ಪೀಠ ಕಟ್ಟಿದರು. ಬೆಲ್‌ಫಾಸ್ಟ್‌ನ ಕ್ವೀನ್ಸ್, ಡಬ್ಲಿನ್‌ನ ಟ್ರಿನಿಟಿ ಮತ್ತು ಯೂನಿವರ್ಸಿಟಿ ಕಾಲೇಜ್, ಈ ಮೂರೂ ಕಡೆ ಸರದಿಯಂತೆ ಕೆಲಸ. ಐರ್ಲೆಂಡ್, ಉತ್ತರ ಐರ್ಲೆಂಡ್ ಎರಡೂ ಕಡೆಯ ಕಲಾ ಮಂಡಳಿಗಳು ಸೇರಿ ಇದನ್ನು ನಡೆಸುತ್ತವೆ. ಮೂರು ವರ್ಷದ ಈ ಹುದ್ದೆಯಲ್ಲಿ ಕವಿ ಕಮ್ಮಟ ನಡೆಸಬೇಕು, ಕವಿತೆ ಓದಬೇಕು, ವರ್ಷಕ್ಕೊಂದು ಸಾರ್ವಜನಿಕ ಉಪನ್ಯಾಸ ಕೊಡಬೇಕು. ಅಂದರೆ ನೀವು ಓಡಾಟ ಅನ್ನುವುದನ್ನು ಆ ದ್ವೀಪದ ಜನ ಕವಿಯ ಹುದ್ದೆಯ ಕೆಲಸ ಅಂತಲೇ ಬರೆದಿಟ್ಟಿದ್ದಾರೆ.

ಉತ್ಸವಗಳ ಬಗ್ಗೆ ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ. ಗಾಲ್ವೇಯ ಕೂರ್ಟ್ ಉತ್ಸವ 1985ರಲ್ಲಿ ಕಾವ್ಯಕ್ಕಾಗಿಯೇ ಶುರುವಾದದ್ದು, ಆಮೇಲೆ ಎಲ್ಲ ಬಗೆಯ ಸಾಹಿತ್ಯಕ್ಕೂ ಹಬ್ಬಿತು. ಉತ್ಸವ ದೊಡ್ಡದಾದಷ್ಟೂ ಕವಿಗೆ ಸಿಗುವ ಸಮಯ ಕಡಿಮೆಯಾಗುತ್ತದೆ. ಪರಿಚಯ ಭಾಷಣ ಉದ್ದ ಆಗಿ ಕವಿತೆ ಗಿಡ್ಡ ಆದರೆ ನನಗೂ ಬೇಜಾರು. ಅಂಥ ಕಡೆ ಕವಿ ಹೋಗದಿದ್ದರೆ ನಷ್ಟವೇನಿಲ್ಲ.

ಹೊಟ್ಟೆಪಾಡಿನ ಮಾತನ್ನೂ ಹೇಳಿಬಿಡುತ್ತೇನೆ. ಕವನ ಸಂಕಲನ ಮಾರಿ ಸಂಸಾರ ನಡೆಸೋದು ಎಲ್ಲೂ ಸುಲಭ ಅಲ್ಲ. ವಾಚನ, ಕಮ್ಮಟಗಳ ಸಂಭಾವನೆ ಕವಿಗೆ ದುಡಿಮೆಯ ಹಣ. ಕಲಾವಿದರಿಗೆ ನೆರವಾಗಲು ಐರ್ಲೆಂಡ್ 1981ರಲ್ಲಿ ಆಸ್‌ಡಾನಾ ಎಂಬ ಸಂಸ್ಥೆ ಮಾಡಿತು. ಮೀಹನ್ ಅದರ ಸದಸ್ಯೆ. 2022ರಲ್ಲಿ 2,000 ಕಲಾವಿದರಿಗೆ ವಾರಕ್ಕೆ 325 ಯೂರೋ ಕೊಡುವ ಪ್ರಯೋಗವನ್ನೂ ಅಲ್ಲಿನ ಸರ್ಕಾರ ಶುರು ಮಾಡಿತು. ದುಡ್ಡು ತೆಗೆದುಕೊಂಡರೆ ಕವಿತೆ ಮೈಲಿಗೆಯಾಗುತ್ತದೆ ಅನ್ನುವ ಭಾವನೆ ನನಗಿಲ್ಲ.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದಿರಿ. ಮೊದಲು ಅವರ ದನಿ ಕೇಳಿ. ಅವರು ಕವಿತೆ ಓದಿರುವ ಧ್ವನಿಮುದ್ರಣಗಳು ಇಂಟರ್‌ನೆಟ್‌ನಲ್ಲಿವೆ, ಮೊಮ್ಮಕ್ಕಳಿಗೆ ಹೇಳಿದರೆ ಹುಡುಕಿಕೊಡುತ್ತಾರೆ. ಗ್ರನಾರ್ಡ್ ಕವಿತೆಯಿಂದ ಶುರು ಮಾಡಿ. ಆಮೇಲೆ 2020ರಲ್ಲಿ ಡೆಡಲಸ್ ಪ್ರೆಸ್ ತಂದ ಅವರ ಆಯ್ದ ಕವಿತೆಗಳ ಸಂಕಲನ ಓದಿ. ಕೇಳಿದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಆಗಲೂ ನೀವು ಒಪ್ಪದಿದ್ದರೆ ಅದನ್ನೂ ಹಾಗೇ ಅಚ್ಚು ಮಾಡುತ್ತೇನೆ.

— ಸಂಪಾದಕ